ನಾಲ್ಕಡಿ ಸರಿಸಲು ನಲವತ್ತು ಸಾವಿರ

ಬ್ರಿಟನ್ನಿನ ಯಾವುದೇ ಊರಿನ ಹಾರ್ಡ್‌ವೇರ್ ಮಳಿಗೆಗೆ ಹೋದರೂ ಒಂದು ಮೀಟರ್ ಅಗಲದ, ಬಿಳಿ ಬಣ್ಣದ ಸಾಧಾರಣ ಉಕ್ಕಿನ ರೇಡಿಯೇಟರ್ 100 ಪೌಂಡಿನ ಆಸುಪಾಸಿನಲ್ಲಿ ಸಿಗುತ್ತದೆ. ಮನೆಯಲ್ಲಿ ಈಗಾಗಲೇ ಇರುವ ಅಂಥದ್ದೇ ಒಂದನ್ನು ನಾಲ್ಕಡಿ ಆಚೆ ಸರಿಸಿಕೊಡಿ ಎಂದು ಪ್ಲಂಬರನ್ನು ಕರೆದರೆ ಆತ ಹೇಳುವ ಮೊತ್ತ 250 ಪೌಂಡ್, 300 ಪೌಂಡ್; ಲಂಡನ್ನಿನಲ್ಲಾದರೆ 400 ದಾಟಿದರೂ ಆಶ್ಚರ್ಯವಿಲ್ಲ. ರೂಪಾಯಿಯಲ್ಲಿ ಮೂವತ್ತು, ನಲವತ್ತು ಸಾವಿರ. ಹೊಸ ವಸ್ತುವಿನ ಬೆಲೆಯ ಮೂರು ಪಟ್ಟು ದುಡ್ಡು ಹಳೆಯ ವಸ್ತುವನ್ನು ಪಕ್ಕಕ್ಕಿಡಲು. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ.

ಕರ್ನಾಟಕದ ಓದುಗರಿಗೆ ಇದು ತೀರಾ ದೂರದ ಮಾತೇನಲ್ಲ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಿಗೆ ಹೋದ ವೈದ್ಯರು, ಐಟಿ ಕೆಲಸಕ್ಕೆ ಹೋದ ಎಂಜಿನಿಯರುಗಳು ಅಲ್ಲೇ ನೆಲೆನಿಂತು ಸಾಲ ಮಾಡಿ ಮನೆ ಕೊಂಡಿದ್ದಾರೆ. ಮೊಮ್ಮಗುವನ್ನು ನೋಡಿಕೊಳ್ಳಲೆಂದು ಆರು ತಿಂಗಳ ವೀಸಾ ಮೇಲೆ ಹೋದ ಅಪ್ಪ-ಅಮ್ಮನಿಗೆ ಮೊದಲು ಕಾಣುವ ಅವ್ಯವಸ್ಥೆ ಇದೇ. ಸೋಫಾ ಹಾಕಬೇಕಾದ ಗೋಡೆಯಲ್ಲಿ, ಬೀರು ನಿಲ್ಲಿಸಬೇಕಾದ ಜಾಗದಲ್ಲಿ, ದೇವರ ಮಂಟಪ ಇಡಬೇಕೆಂದುಕೊಂಡ ಈಶಾನ್ಯ ಮೂಲೆಯಲ್ಲಿ ಬಿಸಿ ತಗಡೊಂದು ಕೂತಿರುತ್ತದೆ. ‘ಇದನ್ನ ಆ ಕಡೆ ಹಾಕಿಸೋಕೆ ಏನಪ್ಪಾ ಕಷ್ಟ?’ ಎಂದು ಕೇಳಿದ ತಂದೆಗೆ ಮಗ ಹೇಳುವ ಉತ್ತರ ನಂಬಿಕೆ ಹುಟ್ಟಿಸುವುದಿಲ್ಲ. ಬೆಂಗಳೂರಿನಲ್ಲಿ ಗೀಸರ್ ಬಿಚ್ಚಿ ಬೇರೆ ಬಚ್ಚಲಿಗೆ ಹಾಕಿಸಲು ಎಷ್ಟಾಯಿತು ಎಂಬ ಲೆಕ್ಕ ಆ ತಂದೆಯ ತಲೆಯಲ್ಲಿ ಇನ್ನೂ ಹಸಿಯಾಗಿರುತ್ತದೆ.

ಪ್ಲಂಬರ್ ಸುಲಿಯುತ್ತಿದ್ದಾನೆ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಆದರೆ ದುಡ್ಡು ನಿಜವಾಗಿ ಹೋಗುವುದು ಎಲ್ಲಿಗೆ ಎಂದು ನೋಡಿದರೆ ತಪ್ಪು ಬೇರೆ ಕಡೆ ಇರುವುದು ಕಾಣುತ್ತದೆ.

ರೇಡಿಯೇಟರ್ ಒಂಟಿಯಾಗಿ ಕೆಲಸ ಮಾಡುವ ವಸ್ತುವಲ್ಲ. ಅಡುಗೆಮನೆಯ ಗೋಡೆಯಲ್ಲೋ ಮಹಡಿಯ ಬೀರುವಿನೊಳಗೋ ಇರುವ ಬಾಯ್ಲರ್ ಗ್ಯಾಸ್ ಉರಿಸಿ ನೀರು ಕಾಯಿಸುತ್ತದೆ. ಪಂಪು ಆ ನೀರನ್ನು ಒಂದು ಪೈಪಿನಲ್ಲಿ ಕೋಣೆಕೋಣೆಗೆ ಕಳಿಸಿ, ಆರಿದ ನೀರನ್ನು ಇನ್ನೊಂದು ಪೈಪಿನಲ್ಲಿ ವಾಪಸು ತರುತ್ತದೆ. ಅಂದರೆ ಪ್ರತಿ ರೇಡಿಯೇಟರಿಗೂ ಹೋಗುವ ಪೈಪು ಒಂದು, ಬರುವ ಪೈಪು ಒಂದು. ಮನೆಯ ಅಷ್ಟೂ ರೇಡಿಯೇಟರುಗಳಲ್ಲಿ ಹರಿಯುವುದು ಅದೇ ನೀರು. ಒಂದನ್ನು ಮುಟ್ಟಿದರೆ ಎಲ್ಲವನ್ನೂ ಮುಟ್ಟಿದಂತೆ. ತಗಡನ್ನು ಗೋಡೆಯಿಂದ ಬಿಚ್ಚಿ ಇನ್ನೊಂದು ಕಡೆ ತೂಗುಹಾಕುವ ಕೆಲಸ ಅರ್ಧ ಗಂಟೆಯದು. ಉಳಿದ ಹೊತ್ತೆಲ್ಲ ಆ ಎರಡು ಪೈಪುಗಳಿಗೆ.

ಆ ಪೈಪುಗಳು ಎಲ್ಲಿವೆ ಎಂಬ ಪ್ರಶ್ನೆಗೆ ಮಾತ್ರ ಬಹಳಷ್ಟು ಮನೆಗಳಲ್ಲಿ ಯಾರ ಬಳಿಯೂ ಉತ್ತರವಿಲ್ಲ.

ಇದಕ್ಕೊಂದು ಇತಿಹಾಸವಿದೆ. ಬಿಸಿನೀರಿನ ರೇಡಿಯೇಟರ್ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಬಂದದ್ದು. ಸೇಂಟ್ ಪೀಟರ್ಸ್‌ಬರ್ಗಿನ ಉದ್ಯಮಿ ಫ್ರಾಂಜ್ ಸಾನ್ ಗಾಲಿ ಅದನ್ನು ರೂಪಿಸಿದವನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಬ್ರಿಟನ್ನಿನ ಸಾಮಾನ್ಯ ಮನೆಗೆ ಅದು ಕಾಲಿಟ್ಟದ್ದು ಬಹಳ ತಡವಾಗಿ. 1970ರಲ್ಲಿ ಕೂಡ ಸೆಂಟ್ರಲ್ ಹೀಟಿಂಗ್ ಇದ್ದ ಮನೆಗಳು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಮಿಕ್ಕವರು ಹಜಾರದಲ್ಲಿ ಕಲ್ಲಿದ್ದಲು ಉರಿಸುತ್ತ, ಮಲಗುವ ಕೋಣೆಯ ಕಿಟಕಿಯ ಒಳಮೈಗೆ ಹಿಮ ಕಟ್ಟಿದ್ದನ್ನು ಬೆಳಿಗ್ಗೆ ಕೆರೆಯುತ್ತ ಇದ್ದರು. ಉತ್ತರ ಸಮುದ್ರದಲ್ಲಿ ನೈಸರ್ಗಿಕ ಅನಿಲ ಸಿಕ್ಕಿ, 1967ರಿಂದ 1977ರವರೆಗಿನ ಹತ್ತು ವರ್ಷಗಳಲ್ಲಿ ಇಡೀ ದೇಶವನ್ನು ಕಲ್ಲಿದ್ದಲಿನ ಅನಿಲದಿಂದ ಹೊಸ ಅನಿಲಕ್ಕೆ ಬದಲಾಯಿಸಿದರು. ಮನೆಮನೆಗೂ ಹೋಗಿ ಒಲೆ, ಹೀಟರುಗಳನ್ನು ಬಿಚ್ಚಿ ಕಟ್ಟಿದ ದೊಡ್ಡ ಕಾರ್ಯಾಚರಣೆ ಅದು. ಅಗ್ಗದ ಗ್ಯಾಸ್ ಬಂದ ಮೇಲೆ ಬಾಯ್ಲರು, ರೇಡಿಯೇಟರು ಎಲ್ಲರ ಮನೆಗೂ ನುಗ್ಗಿದವು.

ಮನೆಗಳು ಮಾತ್ರ ಹಳೆಯವೇ. ಇಂಗ್ಲೆಂಡಿನ ಮನೆಗಳಲ್ಲಿ ಸುಮಾರು ಐದರಲ್ಲೊಂದು 1919ಕ್ಕೂ ಮೊದಲು ಕಟ್ಟಿದ್ದು. ಬೆಂಕಿಗೂಡಿಗಾಗಿ ಕಟ್ಟಿದ ಮನೆಯೊಳಗೆ ಪೈಪು ತೂರಿಸಬೇಕಾಗಿ ಬಂದಾಗ, ಅಂದು ಬಂದ ಕೆಲಸಗಾರ ಯಾವ ಹಲಗೆ ಸುಲಭವಾಗಿ ಎದ್ದಿತೋ ಅದರಡಿ ಎಳೆದ. ಎಪ್ಪತ್ತರ ದಶಕದಲ್ಲಿ ತಾಮ್ರ ಉಳಿಸಲೆಂದು 8, 10 ಮಿಲಿಮೀಟರಿನ ಸಪೂರ ಪೈಪುಗಳನ್ನು ಹಾಕುವ ರೂಢಿಯೂ ಬಂತು. ನಂತರ ಮನೆ ಕೊಂಡವರು ಒಂದು ಗೋಡೆ ಒಡೆದರು, ಇನ್ನೊಂದು ಎಬ್ಬಿಸಿದರು, ಹಿಂದೆ ಅಡುಗೆಮನೆ ಚಾಚಿದರು. ಪ್ರತಿ ಸಲವೂ ಪೈಪು ಕತ್ತರಿಸಿ, ಜೋಡಿಸಿ, ಮುಚ್ಚಿ ಹೋದರು. ನಕ್ಷೆ ಬರೆದಿಟ್ಟವರಿಲ್ಲ.

ಈಗ ಪ್ಲಂಬರ್ ಬರುತ್ತಾನೆ. ನೆಲ ಮರದ್ದು, ಎರಡೂ ಪೈಪು ಹಲಗೆಯ ಕೆಳಗಿನಿಂದ ಮೇಲೇಳುತ್ತವೆ. ಇದು ಅವನಿಗೆ ಸಿಗಬಹುದಾದ ಅತಿ ಸಲೀಸಾದ ಪ್ರಕರಣ. ಮೊದಲು ಬಾಯ್ಲರ್ ಆರಿಸಿ ನೀರು ತಣಿಯಲು ಬಿಡಬೇಕು. ರೇಡಿಯೇಟರಿನ ಒಂದು ತುದಿಯಲ್ಲಿ ಸಂಖ್ಯೆ ಬರೆದ ಥರ್ಮೋಸ್ಟಾಟ್ ತಿರುಪು, ಇನ್ನೊಂದು ತುದಿಯಲ್ಲಿ ಟೋಪಿ ಹಾಕಿದ ವಾಲ್ವ್. ಆ ಟೋಪಿ ತೆಗೆದು, ಸ್ಪ್ಯಾನರಿನಲ್ಲಿ ಎಷ್ಟು ಸುತ್ತು ತಿರುಗಿಸಿದರೆ ಮುಚ್ಚಿತು ಎಂದು ಎಣಿಸಿಟ್ಟುಕೊಳ್ಳುವವನು ಕೆಲಸ ಬಲ್ಲವನು. ಯಾವ ಕೋಣೆಗೆ ಎಷ್ಟು ನೀರು ಹೋಗಬೇಕೆಂಬ ಇಡೀ ಮನೆಯ ಹೊಂದಾಣಿಕೆ ಆ ಸುತ್ತುಗಳಲ್ಲಿರುತ್ತದೆ. ಬಳಿಕ ಕೆಳಗೊಂದು ಅಗಲವಾದ ತಟ್ಟೆ, ಸುತ್ತ ಹಳೇ ಟವೆಲು. ನಟ್ಟು ಸಡಿಲಿಸಿದ ಕೂಡಲೇ ಸುರಿಯುವುದು ಕಾಡಿಗೆಯಷ್ಟು ಕಪ್ಪು ನೀರು. ವರ್ಷಗಟ್ಟಲೆ ಉಕ್ಕು ಒಳಗೊಳಗೇ ಸವೆದು ಆದ ಕಬ್ಬಿಣದ ಆಕ್ಸೈಡು ಅದು. ತಿಳಿ ಬಣ್ಣದ ಕಾರ್ಪೆಟ್ಟಿನ ಮೇಲೆ ಒಂದು ಲೋಟ ಚೆಲ್ಲಿದರೂ ಕಲೆ ಹೋಗುವುದಿಲ್ಲ. ಮೂವತ್ತು ಕಿಲೋ ಹತ್ತಿರ ತೂಗುವ ತಗಡನ್ನು, ಅದರೊಳಗೆ ಇನ್ನೂ ಕುಲುಕುವ ನೀರಿನ ಸಮೇತ, ಓರೆಯಾಗದಂತೆ ಹೊರಗೆ ಹೊರಬೇಕು.

ಪೈಪು ಕತ್ತರಿಸುವ ಮುನ್ನ ಇಡೀ ಮನೆಯ ನೀರು ಬಸಿಯಬೇಕು. ಇಲ್ಲವೇ ಪೈಪಿನ ಸುತ್ತ ಯಂತ್ರ ಕಟ್ಟಿ, ಒಳಗಿನ ನೀರನ್ನೇ ಹೆಪ್ಪುಗಟ್ಟಿಸಿ ಮಂಜುಗಡ್ಡೆಯ ಬಿರಡೆ ಮಾಡಿ, ಅದು ಕರಗುವುದರೊಳಗೆ ಕೆಲಸ ಮುಗಿಸಬೇಕು. ಆಮೇಲೆ ಕಾರ್ಪೆಟ್ ಮಡಚಿ, ಹಲಗೆ ಎಬ್ಬಿಸಿ, ತೊಲೆಗಳನ್ನು ದಾಟಿಸಿ ಹೊಸ ಜಾಗಕ್ಕೆ ತಾಮ್ರದ ಪೈಪು ಒಯ್ಯಬೇಕು. ಇಲ್ಲೂ ನಿಯಮವಿದೆ: ತೊಲೆಯ ಮೇಲಂಚಿನಲ್ಲಿ ಕೊರೆಯುವ ಕಚ್ಚು ಅದರ ಎತ್ತರದ ಎಂಟನೇ ಒಂದು ಭಾಗ ಮೀರಬಾರದು. 200 ಮಿಲಿಮೀಟರ್ ಎತ್ತರದ ತೊಲೆಗೆ 25 ಮಿಲಿಮೀಟರ್, ಅಷ್ಟೇ. ತೊಲೆಯ ಉದ್ದದಲ್ಲಿ ಎಲ್ಲೆಂದರಲ್ಲಿ ಕಚ್ಚು ಹಾಕುವಂತೆಯೂ ಇಲ್ಲ. ಇದೆಲ್ಲ ಆದ ಮೇಲೆ ನೀರು ತುಂಬಿಸಿ, ತುಕ್ಕು ತಡೆಯುವ ದ್ರಾವಣ ಬೆರೆಸಿ, ಮನೆಯ ಪ್ರತಿ ರೇಡಿಯೇಟರಿನ ನೆತ್ತಿಯಿಂದ ಸಣ್ಣ ಹಿತ್ತಾಳೆ ಕೀಲಿಯಲ್ಲಿ ಗಾಳಿ ಬಿಟ್ಟು, ಬಾಯ್ಲರಿನ ಒತ್ತಡ ಮತ್ತೆ ಒಂದರಿಂದ ಒಂದೂವರೆ ಬಾರ್‌ಗೆ ತಂದು, ಸೋರುತ್ತಿದೆಯೇ ಎಂದು ಕಾದು ನೋಡಬೇಕು. ಸಲೀಸಾದ ಪ್ರಕರಣವೇ ಅರ್ಧ ದಿನ ನುಂಗುತ್ತದೆ. ಗಂಟೆಗೆ 40ರಿಂದ 80 ಪೌಂಡ್ ಕೂಲಿ ಇರುವ ದೇಶದಲ್ಲಿ ಅರ್ಧ ದಿನಕ್ಕೆ ಎಷ್ಟಾಗುತ್ತದೆ ಎಂದು ಗುಣಿಸಿಕೊಳ್ಳಬಹುದು.

ನೆಲ ಕಾಂಕ್ರೀಟಿನದಾಗಿದ್ದರೆ ಲೆಕ್ಕವೇ ಬೇರೆ. ಪೈಪು ಗಾರೆಯೊಳಗೆ ಹುದುಗಿರಬಹುದು, ಅಥವಾ ಮಹಡಿಯಿಂದ ಗೋಡೆಯೊಳಗೆ ಇಳಿದು ಬಂದಿರಬಹುದು. ಮೊದಲನೆಯದಾದರೆ ನೆಲ ಅಗೆಯಬೇಕು, ಎರಡನೆಯದಾದರೆ ಗೋಡೆ ಸೀಳಬೇಕು. ಎರಡೂ ಬೇಡವೆಂದರೆ ಸ್ಕರ್ಟಿಂಗ್ ಮೇಲೆ ಕಣ್ಣಿಗೆ ಕಾಣುವಂತೆ ಪೈಪು ಎಳೆದು ಸುಮ್ಮನಿರಬೇಕು. ಹೆಚ್ಚಿನವರು ಮೂರನೆಯದನ್ನು ಮೊದಲು ಅಸಹ್ಯವೆನ್ನುತ್ತಾರೆ, ಬೆಲೆ ಕೇಳಿದ ಮೇಲೆ ಪರವಾಗಿಲ್ಲ ಎನ್ನುತ್ತಾರೆ. ಒಡೆಯುವುದೇ ಆದರೆ ಇನ್ನೊಂದು ಎಚ್ಚರ ಬೇಕು: ಬ್ರಿಟನ್ನಿನಲ್ಲಿ ಆಸ್ಬೆಸ್ಟಾಸ್ ಪೂರ್ತಿ ನಿಷೇಧವಾದದ್ದು 1999ರಲ್ಲಿ. ಅದಕ್ಕೂ ಹಿಂದಿನ ಮನೆಯ ನೆಲದ ಟೈಲ್ಸಿನಲ್ಲೋ ಚಾವಣಿಯ ಗಿಲಾವಿನಲ್ಲೋ ಅದು ಇದ್ದೀತೆಂಬ ಅನುಮಾನ ಬಂದರೆ, ಪರೀಕ್ಷೆ ಮಾಡಿಸದೆ ಯಾರೂ ಡ್ರಿಲ್ ಹಚ್ಚಬಾರದು.

ಕೊಟೇಶನ್ನಿನಲ್ಲಿ ಬಾರದ ಖರ್ಚುಗಳು ಇನ್ನೊಂದಷ್ಟು. ಪ್ಲಂಬರ್ ಪೈಪು ಜೋಡಿಸಿ ಹಲಗೆ ಮುಚ್ಚಿ ಹೋಗುತ್ತಾನೆ. ಗೋಡೆಯ ಹಳೇ ತೂತುಗಳಿಗೆ ಗಿಲಾವು, ಹದಿನೈದು ವರ್ಷದಿಂದ ಬಣ್ಣ ಕಾಣದೆ ರೇಡಿಯೇಟರಿನ ಹಿಂದೆ ಚೌಕಾಕಾರವಾಗಿ ಉಳಿದ ಗೋಡೆಗೆ ಬಣ್ಣ, ಕಾರ್ಪೆಟ್ ಎಳೆದು ಕೂರಿಸಲು ಬೇರೊಬ್ಬ: ಇದೆಲ್ಲ ಮನೆಯವರ ತಲೆ ಮೇಲೆ. ಗೋಡೆಯ ಒಂದು ಚೌಕಕ್ಕೆ ಬಣ್ಣ ಹಚ್ಚಿದರೆ ಅದು ಎದ್ದು ಕಾಣುತ್ತದೆ, ಹಾಗಾಗಿ ಗೋಡೆಗೇ ಹಚ್ಚಬೇಕು. ಗೋಡೆಗೆ ಹಚ್ಚಿದ ಮೇಲೆ ಉಳಿದ ಮೂರು ಗೋಡೆ ಮಾಸಲಾಗಿ ಕಾಣತೊಡಗುತ್ತವೆ. ಮೇಲಿಂದ ಶೇಕಡ 20ರ ವ್ಯಾಟ್. ವರ್ಷಕ್ಕೆ 90,000 ಪೌಂಡಿಗಿಂತ ಕಡಿಮೆ ವಹಿವಾಟಿರುವವರು ವ್ಯಾಟ್ ನೋಂದಣಿ ಮಾಡಿಸಲೇಬೇಕೆಂದಿಲ್ಲ, ಹಾಗಾಗಿ ಒಬ್ಬಂಟಿಯಾಗಿ ದುಡಿಯುವ ಪ್ಲಂಬರಿನ ಬಿಲ್ಲಿಗೂ ದೊಡ್ಡ ಕಂಪನಿಯ ಬಿಲ್ಲಿಗೂ ಅಲ್ಲೇ ಐದನೇ ಒಂದು ಭಾಗದ ವ್ಯತ್ಯಾಸ. ಗ್ಯಾಸ್ ಕೆಲಸವಾದರೆ 2009ರಿಂದ ಜಾರಿಯಲ್ಲಿರುವ ‘ಗ್ಯಾಸ್ ಸೇಫ್’ ಪಟ್ಟಿಯಲ್ಲಿ ಹೆಸರಿದ್ದವರೇ ಮಾಡಬೇಕು; ರೇಡಿಯೇಟರ್ ಸರಿಸುವುದು ನೀರಿನ ಕೆಲಸ, ಅದಕ್ಕೆ ಆ ಕಡ್ಡಾಯವಿಲ್ಲ. ಇದು ಗೊತ್ತಿಲ್ಲದೆ ದುಬಾರಿ ಎಂಜಿನಿಯರನ್ನೇ ಕರೆಸುವವರಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಒಂದೇ ಮನೆಯ ಒಂದೇ ಕೆಲಸಕ್ಕೆ ಒಬ್ಬ 180 ಪೌಂಡ್ ಎನ್ನುತ್ತಾನೆ, ಇನ್ನೊಬ್ಬ 500 ಎನ್ನುತ್ತಾನೆ, ಯಾಕೆ? ಕೂಲಿಯ ದರದಲ್ಲಿ ಅಷ್ಟು ಅಂತರವಿಲ್ಲ, ತಾಮ್ರದ ಬೆಲೆಯಲ್ಲೂ ಇಲ್ಲ. ಅಂತರ ಇರುವುದು ಊಹೆಯಲ್ಲಿ. ಮೊದಲನೆಯವನು ಪೈಪು ಹಲಗೆಯಡಿಯೇ ಇರುತ್ತದೆ ಎಂದು ನಂಬಿದ್ದಾನೆ. ಎರಡನೆಯವನು ಹೋದ ವಾರ ಎಲ್ಲೋ ಅಂಥದ್ದೇ ನಂಬಿಕೆಯಿಂದ ಕೈಸುಟ್ಟುಕೊಂಡು ಬಂದಿದ್ದಾನೆ. ನೆಲದಡಿ ಏನಿದೆಯೆಂದು ತಿಳಿಯದ ಅಪಾಯಕ್ಕೆ ಆತ ಬೆಲೆ ಕಟ್ಟುತ್ತಿದ್ದಾನೆ, ಆ ಬೆಲೆಯನ್ನು ಮನೆಯವರು ಕೊಡುತ್ತಿದ್ದಾರೆ. ಕಡಿಮೆ ಹೇಳಿದವನೂ ಹಲಗೆ ಎತ್ತಿ ನೋಡಿದ ಮೇಲೆ ‘ಇದು ಹೀಗಿರುತ್ತೆ ಅಂದುಕೊಂಡಿರಲಿಲ್ಲ’ ಎನ್ನುವುದು, ಆ ಹೊತ್ತಿಗೆ ಮನೆಯ ನೀರೆಲ್ಲ ಬಸಿದು ಹೋಗಿರುವುದು, ಹೊರಗೆ ಜನವರಿಯ ಚಳಿ ಇರುವುದು, ಇವೆಲ್ಲ ಒಟ್ಟಿಗೇ ನಡೆಯುತ್ತವೆ. ಚೌಕಾಸಿ ಮಾಡಲು ಅದಕ್ಕಿಂತ ಕೆಟ್ಟ ಗಳಿಗೆ ಇಲ್ಲ.

ಆದ್ದರಿಂದ ಕಡಿಮೆ ಮಾಡಬೇಕಾದದ್ದು ಪ್ಲಂಬರಿನ ಕೂಲಿಯನ್ನಲ್ಲ, ಈ ಕುರುಡುತನವನ್ನು. ಇಂಗ್ಲೆಂಡಿನಲ್ಲಿ ಮನೆ ಮಾರುವಾಗ ಕಾಗದಪತ್ರಗಳಿಗೇನೂ ಬರವಿಲ್ಲ. ಹತ್ತು ವರ್ಷ ಚಾಲ್ತಿಯಲ್ಲಿರುವ ಇಂಧನ ದಕ್ಷತೆಯ ಪ್ರಮಾಣಪತ್ರ ಕಡ್ಡಾಯ. ಬಾಯ್ಲರ್ ಎಂದು ಹಾಕಿಸಿದ್ದು, ಕಿಟಕಿ ಎಂದು ಬದಲಾಯಿಸಿದ್ದು ಎಂದು ಮಾರುವವರು ಬರೆದುಕೊಡಬೇಕು. ಪೈಪು ಎಲ್ಲಿ ಹೋಗುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಪೈಪಿನ ದಾರಿ ದಾಖಲಿಸುವುದು ಆಗದ ಮಾತು ಎನ್ನುವಂತೆಯೂ ಇಲ್ಲ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಕಟ್ಟಡ ನಿಯಮಗಳ ಪ್ರಕಾರ ಹೊಸ ಮನೆ ಕಟ್ಟುವವರು ತಳಪಾಯ, ಗೋಡೆ, ಚಾವಣಿಯ ಶಾಖನಿರೋಧಕ ಪದರಗಳನ್ನು ಮುಚ್ಚುವ ಮೊದಲು, ತೆಗೆದ ಸ್ಥಳದ ಗುರುತು ಇರುವ ಡಿಜಿಟಲ್ ಫೋಟೊ ತೆಗೆದು ದಾಖಲೆಯಲ್ಲಿ ಸೇರಿಸಬೇಕು. ಮನೆ ಕೊಂಡವರಿಗೂ ಅದು ಸಿಗಬೇಕು. ಗೋಡೆಯೊಳಗಿನ ಪದರಕ್ಕೆ ಫೋಟೊ ಬೇಕು ಎನ್ನುವ ಸರ್ಕಾರ ನೆಲದಡಿಯ ಪೈಪಿಗೂ ನಾಲ್ಕು ಫೋಟೊ ಬೇಕು ಎನ್ನಲು ಹೊಸ ಇಲಾಖೆ ತೆರೆಯಬೇಕಿಲ್ಲ. ಹಳೇ ಮನೆಗಳಲ್ಲೂ ಯಾವ ಕಾರಣಕ್ಕೆ ನೆಲ ತೆರೆದರೂ, ಅಳತೆ ಪಟ್ಟಿ ಪಕ್ಕಕ್ಕಿಟ್ಟು ತೆಗೆದ ಚಿತ್ರ ಮನೆಯ ಕಡತಕ್ಕೆ ಸೇರಬೇಕೆಂಬ ಕರಾರು ಕೊಟೇಶನ್ನಿನಲ್ಲೇ ಬರಬಹುದು.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯ ಬಚ್ಚಲು ಸೋರಿ ಕೆಳಗಿನ ಮನೆಯ ಚಾವಣಿ ನೆನೆದಾಗ ಆಗುವುದೂ ಇದೇ ಪಾಡು. ಎರಡು ಇಂಚಿನ ಜಾಯಿಂಟ್ ಹುಡುಕಲು ಆರು ಟೈಲ್ಸ್ ಒಡೆಯುತ್ತಾರೆ. ಅದೇ ಬಣ್ಣದ ಟೈಲ್ಸು ಈಗ ಬರುವುದಿಲ್ಲ ಎಂದು ಕೊನೆಗೆ ಇಡೀ ಬಚ್ಚಲಿನದೇ ಬದಲಾಗುತ್ತದೆ. 2016ರ ರೇರಾ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬಿಲ್ಡರ್ ಅಗತ್ಯ ದಾಖಲೆಗಳನ್ನೂ ನಕ್ಷೆಗಳನ್ನೂ ನಿವಾಸಿಗಳ ಸಂಘಕ್ಕೆ ಒಪ್ಪಿಸಬೇಕು. ಕ್ಲಬ್‌ಹೌಸಿನ ಕೀಲಿ ಯಾವಾಗ ಕೊಡುತ್ತೀರಿ ಎಂದು ಜಗಳವಾಡುವ ಸಂಘಗಳು, ಕೊಳಾಯಿ ಪೈಪು ನಿಜವಾಗಿ ಹಾದುಹೋದ ದಾರಿಯ ನಕ್ಷೆ ಕೊಡಿ ಎಂದೂ ಅಷ್ಟೇ ಜೋರಾಗಿ ಕೇಳಬೇಕು.

ಅಂದಹಾಗೆ, ಸರಿಸುವ ಅಗತ್ಯವೇ ಇದೆಯೇ? ರೇಡಿಯೇಟರುಗಳು ಕಿಟಕಿಯ ಕೆಳಗೇ ಇರುವುದಕ್ಕೆ ಕಾರಣವಿತ್ತು. ಒಂದೇ ಪದರದ ಗಾಜಿಗೆ ತಾಗಿ ತಣ್ಣಗಾದ ಗಾಳಿ ಕೆಳಗಿಳಿದು ಕಾಲಿಗೆ ಕುಳಿರು ಹೊಡೆಯುತ್ತಿತ್ತು. ಅದನ್ನು ಅಲ್ಲೇ ಬಿಸಿ ಮಾಡಿ ಮೇಲಕ್ಕಟ್ಟುವುದು ಉದ್ದೇಶ. ಎರಡು ಪದರದ ಗಾಜು ಬಂದ ಮೇಲೆ ಆ ಒತ್ತಾಯ ಬಹುಮಟ್ಟಿಗೆ ಇಲ್ಲ, ಒಳಗೋಡೆಯಲ್ಲಿದ್ದರೂ ಕೋಣೆ ಬೆಚ್ಚಗಾಗುತ್ತದೆ. ಹಾಗಾಗಿ ಗೋಡೆ ಒಡೆದು ಅಡುಗೆಮನೆ, ಊಟದ ಮನೆ ಒಂದು ಮಾಡುವವರು, ಹಿತ್ತಿಲಿಗೆ ಅಗಲ ಬಾಗಿಲು ಇಡಿಸುವವರು ಸರಿಸಲೇಬೇಕು, ಧೈರ್ಯವಾಗಿ ಸರಿಸಬಹುದು. ಆದರೆ ಬರೀ ಸೋಫಾದ ಸಲುವಾಗಿಯಾದರೆ ಮೊದಲು ಸೋಫಾವನ್ನು ಒಂದು ಗೇಣು ಮುಂದೆ ಎಳೆದು ನೋಡುವುದು ಉತ್ತಮ. ಹೆಸರಿಗೆ ರೇಡಿಯೇಟರ್ ಆದರೂ ಅದು ಹೆಚ್ಚಾಗಿ ಬಿಸಿ ಮಾಡುವುದು ತನ್ನ ಮೇಲೆ ಹರಿದುಹೋಗುವ ಗಾಳಿಯ ಮೂಲಕ. ಗಾಳಿಯಾಡಲು ಜಾಗವಿದ್ದರೆ ಕೆಲಸ ನಡೆಯುತ್ತದೆ. ಇನ್ನೊಂದು ದಾರಿ, ಅಡ್ಡ ತಗಡಿನ ಬದಲು ಆಳೆತ್ತರದ ಕಿರಿದಾದ ರೇಡಿಯೇಟರನ್ನು ಅದೇ ಪೈಪುಗಳ ಹತ್ತಿರವೇ ನಿಲ್ಲಿಸುವುದು. ರೇಡಿಯೇಟರಿನ ಬೆಲೆ ಜಾಸ್ತಿ, ಆದರೆ ನೆಲ ಅಗೆಯುವ ಮೊತ್ತ ಉಳಿಯುತ್ತದೆ.

ಸರಿಸುವುದೇ ಎಂದು ತೀರ್ಮಾನಿಸಿದವರು ಇನ್ನೊಂದು ಲೆಕ್ಕವನ್ನೂ ಹಾಕಬೇಕಾದ ಕಾಲ ಇದು. ಗ್ಯಾಸ್ ಬಾಯ್ಲರ್ ತೆಗೆದು ವಿದ್ಯುತ್ತಿನಿಂದ ನಡೆಯುವ ಹೀಟ್ ಪಂಪ್ ಹಾಕಿಸುವವರಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರ 7,500 ಪೌಂಡ್ ಸಹಾಯಧನ ಕೊಡುತ್ತಿದೆ. 2023ರ ಅಕ್ಟೋಬರಿನಲ್ಲಿ ಏರಿಸಿದ ಮೊತ್ತ ಅದು. ಹೀಟ್ ಪಂಪ್ ಚೆನ್ನಾಗಿ ದುಡಿಯುವುದು ನೀರನ್ನು ಹದವಾಗಿ ಕಾಯಿಸಿದಾಗ, ಬಾಯ್ಲರಿನಂತೆ ತೀರಾ ಬಿಸಿ ಮಾಡಿದಾಗ ಅಲ್ಲ. ಹೊಸದಾಗಿ ಕೂರಿಸುವ ಅಥವಾ ಪೂರ್ತಿ ಬದಲಾಯಿಸುವ ವ್ಯವಸ್ಥೆಗೆ ನೀರಿನ ಶಾಖ 55 ಡಿಗ್ರಿ ಮೀರದಂತೆ ವಿನ್ಯಾಸವಿರಬೇಕೆಂದು 2022ರ ನಿಯಮಗಳೂ ಹೇಳುತ್ತವೆ. ರೇಡಿಯೇಟರಿನ ಡಬ್ಬಿಯ ಮೇಲೆ ಬರೆದಿರುವ ಶಕ್ತಿ ಕೋಣೆಯ ಗಾಳಿಗಿಂತ ನೀರು 50 ಡಿಗ್ರಿ ಹೆಚ್ಚು ಬಿಸಿಯಿರುವಾಗಿನದು; ಆ ಅಂತರ 30 ಡಿಗ್ರಿಗೆ ಇಳಿದರೆ ಅದೇ ತಗಡು ಕೊಡುವ ಶಾಖ ಅರ್ಧಕ್ಕೆ ಬಂದು ನಿಲ್ಲುತ್ತದೆ. ಅಂದರೆ ಇವತ್ತು 300 ಪೌಂಡ್ ಕೊಟ್ಟು ಸರಿಸಿದ ಒಂಟಿ ಹಾಳೆಯ ರೇಡಿಯೇಟರ್ ನಾಳೆ ಸಾಲದೆ ಬರಬಹುದು, ಅದೇ ಹಲಗೆ ಮತ್ತೆ ಎದ್ದೀತು. ಕೂಲಿ ಹೇಗೂ ಅಷ್ಟೇ ಆಗುವುದರಿಂದ, ಈಗಲೇ ಎರಡು ಹಾಳೆಯ ರೇಡಿಯೇಟರು, ಸಪೂರ ಪೈಪಿನ ಬದಲು 15 ಮಿಲಿಮೀಟರಿನದು ಹಾಕಿಸಿದರೆ ಸಾಮಾನಿನ ಲೆಕ್ಕದಲ್ಲಿ ಹೆಚ್ಚಾಗುವ ಮೊತ್ತ ಸಣ್ಣದು. ಅಗಲ ಹೆಚ್ಚುವುದಿಲ್ಲ, ಗೋಡೆಯಿಂದ ಮುಂದಕ್ಕೆ ಮಾತ್ರ ಎರಡು ಇಂಚಿನಷ್ಟು ಚಾಚುತ್ತದೆ. ಸೋಫಾ ಇಡುವ ಜಾಗ ಅಳೆಯುವಾಗ ಆ ಎರಡು ಇಂಚು ಸೇರಿಸಿಕೊಂಡು ಅಳೆಯಬೇಕು.